ಕೆರೆ ತುಂಬುವ ವರ್ಷಕ್ಕೂ ಒಣಗುವ ವರ್ಷಕ್ಕೂ ಊರು ಹೇಗೆ ತಯಾರಾಗಬೇಕು?

ಪ್ರಶ್ನೆ (ಗ್ರಾಮ ಪಂಚಾಯಿತಿ ಸದಸ್ಯರು, ಹಿರಿಯೂರು ತಾಲ್ಲೂಕು): ಮೇಡಂ, ಊರಿಗೊಂದು ವಿಪತ್ತು ನಿರ್ವಹಣಾ ಯೋಜನೆ ಮಾಡಬೇಕಾಗಿದೆ. ಬೇರೆ ಕಡೆಯ ಒಂದು ಕಾಪಿ ಸಿಕ್ಕಿದೆ. ಊರಿನ ಹೆಸರು ಬದಲಿಸಿ ಕೊಟ್ಟರೆ ನಡೆಯುತ್ತಾ? ನಮ್ಮದು ಬರದ ಸೀಮೆ. ಆದರೆ 2022ರಲ್ಲಿ ಕೆರೆ ತುಂಬಿ ಕೋಡಿ ಬಿದ್ದು ತಗ್ಗಿನ ಕೇರಿಗೆ ನೀರು ನುಗ್ಗಿತ್ತು. ಯಾವುದಕ್ಕೆ ಅಂತ ತಯಾರಾಗೋಣ?

ಉತ್ತರ (ಹಳ್ಳಿಗಳಿಗೆ ವಿಪತ್ತು ಯೋಜನೆ ಮಾಡಿಸುವ ಸಿವಿಲ್ ಎಂಜಿನಿಯರ್): ಕಾಪಿ ಕೊಟ್ಟರೆ ಫೈಲು ಮುಗಿಯುತ್ತದೆ, ಅಷ್ಟೇ. ಅಂಥ ಕಾಪಿಗಳಲ್ಲಿ ಸುನಾಮಿ ಬಗ್ಗೆಯೂ ಒಂದು ಪುಟ ಇದ್ದರೆ ಆಶ್ಚರ್ಯ ಇಲ್ಲ!

ಎರಡಕ್ಕೂ ತಯಾರಾಗಬೇಕು ಸರ್. ನಿಮ್ಮ ಮಾರಿಕಣಿವೆ ಡ್ಯಾಮನ್ನೇ (ವಾಣಿ ವಿಲಾಸ ಸಾಗರ) ನೋಡಿ. 1933ರಲ್ಲಿ ಕೋಡಿ ಬಿದ್ದ ಡ್ಯಾಮ್ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. ಮರುವರ್ಷವೇ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಅಂತ ಘೋಷಿಸಿದರು.

ಮೊದಲು ಊರಿನ ನಕ್ಷೆ ಬರೆಯಿರಿ. ಕಂಪ್ಯೂಟರ್ ಬೇಡ. ಶಾಲೆಯ ಅಂಗಳದಲ್ಲಿ ರಂಗೋಲಿ ಪುಡಿಯಲ್ಲಿ ಬರೆದರೂ ಸಾಕು. ಕೆರೆ, ಏರಿ (ಕೆರೆಯ ಮಣ್ಣಿನ ಕಟ್ಟೆ), ತೂಬು (ನೀರು ಬಿಡುವ ಕಿಂಡಿ), ಕೋಡಿ, ಕೋಡಿ ಹಳ್ಳ ಗುರುತು ಮಾಡಿ. ಆಮೇಲೆ 2022ರಲ್ಲಿ ನೀರು ಎಲ್ಲಿಯವರೆಗೆ ಬಂತು ಅಂತ ಕೇಳಿ. ಗಂಡಸರನ್ನಷ್ಟೇ ಕೇಳಬೇಡಿ. ಯಾವ ಮನೆಯ ಹೊಸ್ತಿಲು ದಾಟಿತು, ಯಾರ ಮನೆಯ ರಾಗಿ ನೆನೆಯಿತು ಅನ್ನುವುದು ಹೆಂಗಸರಿಗೆ ಚೆನ್ನಾಗಿ ನೆನಪಿರುತ್ತದೆ. ಹಾಸಿಗೆ ಹಿಡಿದವರು, ತುಂಬು ಗರ್ಭಿಣಿಯರು, ಒಂಟಿ ಮುದುಕರು ಇರುವ ಮನೆಗಳನ್ನೂ ಗುರುತು ಮಾಡಿ. ಆ ಒಂದೊಂದು ಮನೆಗೂ ಹೋಗಿ ಕರೆದು ತರುವವರು ಯಾರು ಅಂತ ಹೆಸರು ಬರೆಯಿರಿ. 'ಯುವಕರ ತಂಡ' ಅಂತ ಬರೆದರೆ ಆ ರಾತ್ರಿ ಯಾರೂ ಬರುವುದಿಲ್ಲ.

ಮುಂಗಾರಿಗೆ ಮುಂಚೆ, ಕೆರೆ ನೀರು ಬಿಡುವ ನೀರುಗಂಟಿಯನ್ನೋ ಕೆರೆ ಬಲ್ಲ ಹಿರಿಯರನ್ನೋ ಕರೆದುಕೊಂಡು ಏರಿ ಮೇಲೆ ನಡೆಯಿರಿ. ಬಳ್ಳಾರಿ ಜಾಲಿ ಬೆಳೆದಿದೆಯಾ, ಹೆಗ್ಗಣದ ಬಿಲ ಇದೆಯಾ ನೋಡಿ. ಜಾಲಿಯನ್ನು ಬುಡಕ್ಕೆ ಕಡಿದು ಸುಮ್ನೆ ಬಿಡಬೇಡಿ. ಬೇರು ಒಳಗೇ ಕೊಳೆತರೆ ನೀರಿಗೆ ದಾರಿ ಆಗುತ್ತದೆ. ಎಳೆಯ ಗಿಡವನ್ನು ಬೇರು ಸಮೇತ ಕಿತ್ತು, ಗುಂಡಿಗೆ ಜೇಡಿಮಣ್ಣು ತುಂಬಿ ಗಟ್ಟಿಯಾಗಿ ದಮ್ಮಸು ಹೊಡೆಯಿರಿ. ದೊಡ್ಡ ಮರಕ್ಕೆ ಮಾತ್ರ ಎಂಜಿನಿಯರ್ ಬಂದು ನೋಡಲಿ.

ಅದೇ ಸದಸ್ಯರು: ಕೋಡಿ ಮೇಲೆ ಮರಳು ಚೀಲ ಇಡುವುದು ನಮ್ಮಲ್ಲಿ ಮಾಮೂಲಿ ಮೇಡಂ. ಒಂದಡಿ ನೀರು ಜಾಸ್ತಿ ನಿಲ್ಲುತ್ತದೆ ಅಲ್ವಾ?

ಉತ್ತರ: ದಯವಿಟ್ಟು ಇಡಬೇಡಿ. ಕೋಡಿ ಇರುವುದೇ ಹೆಚ್ಚಾದ ನೀರು ಏರಿ ಹತ್ತದೆ ಹೊರಗೆ ಹೋಗಲಿ ಅಂತ. ಮಣ್ಣಿನ ಏರಿ ಮೇಲೆ ನೀರು ಒಮ್ಮೆ ಹರಿದರೆ ಅದು ಕೊರೆದುಕೊಂಡು ಹೋಗುತ್ತದೆ, ತಡೆಯುವುದಕ್ಕೆ ಆಗುವುದಿಲ್ಲ. ಮೇಲಿನ ಕೆರೆ ಒಡೆದರೆ ಆ ನೀರೆಲ್ಲ ಕೆಳಗಿನ ಕೆರೆಗೆ ಬಂದು ಅದನ್ನೂ ಒಡೆಯಬಹುದು. ಮಣ್ಣು ಹಾಕಿ ಅಡಿಕೆ ಸಸಿ ನೆಟ್ಟು ಕೋಡಿ ಹಳ್ಳವನ್ನೇ ಮುಚ್ಚಿದ್ದರೆ ಅದನ್ನೂ ಬಿಡಿಸಬೇಕು. ಜಗಳ ಆಗುತ್ತದೆ, ಗೊತ್ತು. ಬೇಸಿಗೆಯಲ್ಲೇ ಆಗಿಹೋಗಲಿ.

ಚೀಲಗಳನ್ನು ಇನ್ನೊಂದು ಕೆಲಸಕ್ಕೆ ಇಟ್ಟುಕೊಳ್ಳಿ. ಕೆರೆ ತುಂಬಿದಾಗ ಏರಿಯ ಹಿಂದೆ ತಿಳಿನೀರು ಒಸರಿದರೆ ದಿನಾ ಕಣ್ಣಿಟ್ಟಿರಿ. ಕೆಂಪಾಗಿ, ರಾಡಿಯಾಗಿ ಬಂದರೆ ಒಳಗಿನ ಮಣ್ಣು ಕಿತ್ತುಕೊಂಡು ಬರುತ್ತಿದೆ ಅಂತ ಅರ್ಥ. ತಕ್ಷಣ ಕೆಳಗಿನ ಮನೆಗಳನ್ನು ಖಾಲಿ ಮಾಡಿಸಿ, 1077ಕ್ಕೆ ಫೋನ್ ಮಾಡಿ. ಅದು ಜಿಲ್ಲೆಯ ವಿಪತ್ತು ಸಹಾಯವಾಣಿ. ಆ ತೂತಿಗೆ ಬಟ್ಟೆ, ಕಲ್ಲು ತುರುಕಬೇಡಿ, ನೀರು ಪಕ್ಕದಲ್ಲಿ ಬಾಯಿ ತೆರೆಯುತ್ತದೆ. ತಿಳಿದವರು ಜೊತೆಗಿದ್ದರೆ ಮಾತ್ರ ಅದರ ಸುತ್ತ ಚೀಲಗಳನ್ನು ಬಾವಿಕಟ್ಟೆ ತರ ಜೋಡಿಸಬಹುದು. ಒಳಗೆ ನೀರು ಏರಿ ನಿಂತರೆ ರಭಸ ಕಮ್ಮಿಯಾಗುತ್ತದೆ.

ಪ್ರಶ್ನೆ (ಹರಿಹರದಿಂದ ಒಬ್ಬರು): ಅಕ್ಕಾ, ನಮ್ಮದು ಹೊಳೆ ದಂಡೆ. ಇಲ್ಲಿ ಬಿಸಿಲು ಇರುವಾಗಲೇ ನೀರು ಏರುತ್ತದೆ. ನೆರೆ ಬಂದಾಗ ಉಳಿಯಲು ತೆರೆಯುವ ಕಾಳಜಿ ಕೇಂದ್ರಕ್ಕೆ ಬನ್ನಿ ಅಂತ ಕರೆದರೆ ನಮ್ಮ ಮಾವ ಎಮ್ಮೆ ಬಿಟ್ಟು ಬರುವುದೇ ಇಲ್ಲ.

ಉತ್ತರ: ನಿಮ್ಮ ಮಳೆ ಬೀಳುವುದು ಮಲೆನಾಡಿನಲ್ಲಿ, ತಾಯಿ. ಗಾಜನೂರಿನ ತುಂಗಾ ಡ್ಯಾಮ್ ಚಿಕ್ಕದು, ಬೇಗ ತುಂಬುತ್ತದೆ, ಬಂದ ನೀರನ್ನು ಹೊಳೆಗೆ ಬಿಡಲೇಬೇಕು. ಕೂಡ್ಲಿಯಲ್ಲಿ ಭದ್ರೆಯೂ ಸೇರಿ, ಹೊನ್ನಾಳಿ ದಾಟಿ ನಿಮ್ಮ ಕಡೆ ಬರುತ್ತದೆ. ಹಾಗಾಗಿ ಊರಿನ ಮೋಡ ನೋಡಿಕೊಂಡು ಕೂರಬೇಡಿ. ಡ್ಯಾಮಿನಿಂದ ಎಷ್ಟು ಕ್ಯೂಸೆಕ್ (ಸೆಕೆಂಡಿಗೆ ಎಷ್ಟು ಘನ ಅಡಿ ನೀರು) ಬಿಟ್ಟಿದ್ದಾರೆ ಅಂತ ನೋಡಿ. ಈ ಸಲ ನೀರು ಬಂದಾಗ ಒಂದು ಗಟ್ಟಿ ಗೋಡೆ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಆ ದಿನದ ಕ್ಯೂಸೆಕ್ ಬರೆದಿಡಿ. ನಾಲ್ಕಾರು ಗೆರೆ ಆದರೆ ಇಷ್ಟು ಬಿಟ್ಟರೆ ನಮ್ಮ ಓಣಿಗೆ ಬರುತ್ತದೆ ಅಂತ ಅಂದಾಜು ಸಿಗುತ್ತದೆ.

ನಿಮ್ಮ ಮಾವ ಹೇಳುವುದೂ ಸರಿಯಾಗಿಯೇ ಇದೆ. ಎಮ್ಮೆಗೆ ಜಾಗ ಇಲ್ಲದ ಯೋಜನೆ ಅರ್ಧ ಯೋಜನೆ. ಎತ್ತರದ ಜಾಗ, ಮೇವು, ಕುಡಿಯುವ ನೀರಿನ ತೊಟ್ಟಿ ಎಲ್ಲಿ ಅಂತ ಮೊದಲೇ ಗೊತ್ತು ಮಾಡಿ. ದನ ಮುಂಚೆ ಹೊರಟರೆ ಜನ ತಾವಾಗಿಯೇ ಹೊರಡುತ್ತಾರೆ.

ಪ್ರಶ್ನೆ (ಚಳ್ಳಕೆರೆ ಕಡೆಯ ಯುವಕ): ನಮ್ಮಲ್ಲಿ ಕುರಿ ಕಾಯುವವರಿಗೆ ಸಿಡಿಲಿನ ಭಯ ಜಾಸ್ತಿ ಮೇಡಂ.

ಉತ್ತರ: ಪುಣೆಯ ಹವಾಮಾನ ಸಂಸ್ಥೆಯವರ 'ದಾಮಿನಿ' ಆ್ಯಪ್ ಹಾಕಿಕೊಳ್ಳಿ, ಹತ್ತಿರದ ಸಿಡಿಲಿನ ಎಚ್ಚರಿಕೆ ಬರುತ್ತದೆ. ಅಡವಿಯಲ್ಲಿ ಸಿಗ್ನಲ್ ಸಿಗದೇ ಇರಬಹುದು. ಗುಡುಗು ಕೇಳಿತು ಅಂದರೆ ಸಿಡಿಲು ಹತ್ತಿರದಲ್ಲೇ ಇದೆ ಅಂತ ತಿಳಿಯಿರಿ. ಒಂಟಿ ಮರದ ಕೆಳಗೆ ಬೇಡವೇ ಬೇಡ. ಗಟ್ಟಿ ಕಟ್ಟಡದೊಳಗೆ ಸೇರಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಬರಬೇಡಿ.

ಮೊದಲಿನ ಸದಸ್ಯರು: ಬರದ ಬಗ್ಗೆ ಹೇಳಲೇ ಇಲ್ಲ. ಮತ್ತೆ ದುಡ್ಡು ಎಲ್ಲಿಂದ ಮೇಡಂ?

ಉತ್ತರ: ಬರ ಮೆಲ್ಲಗೆ ಬರುತ್ತದೆ. ಟ್ಯಾಂಕರ್ ಬರುವ ತನಕ ಯಾರಿಗೂ ಅದು ವಿಪತ್ತು ಅನ್ನಿಸುವುದಿಲ್ಲ. 2023ರ ಬರದಲ್ಲೂ ಬತ್ತದ ಬೋರ್‌ವೆಲ್ ಯಾವುವು, ಯಾರ ಹೊಲದಲ್ಲಿವೆ ಅಂತ ಪಟ್ಟಿ ಮಾಡಿ. ಆ ರೈತರ ಜೊತೆ ಈಗಲೇ ಮಾತಾಡಿ, ಮಾರ್ಚ್‌ನಲ್ಲಿ ಕೇಳಿದರೆ ಲೆಕ್ಕ ಬೇರೆ ಇರುತ್ತದೆ. ಬಾಯಿ ತೆರೆದ ಬಾವಿಯ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಹಗ್ಗ ಬಿಟ್ಟು ಅಳೆದು ಬರೆದಿಡಿ. ಚಿತ್ರದುರ್ಗದ ಕೋಟೆಯ ಹೊಂಡಗಳನ್ನು ನೋಡಿದ್ದೀರಲ್ಲ? ಬಂಡೆ ಮೇಲೆ ಬಿದ್ದ ಮಳೆ ಒಂದು ಹೊಂಡ ತುಂಬಿ ಇನ್ನೊಂದಕ್ಕೆ ಇಳಿಯುತ್ತದೆ. ನಿಮ್ಮ ಕೆರೆಗಳೂ ಹಾಗೆಯೇ ಇವೆ. ನಡುವಿನ ಕಾಲುವೆ ಹೂಳು ತೆಗೆಸಿದರೆ ಬರಕ್ಕೂ ಆಯಿತು, ನೆರೆಗೂ ಆಯಿತು.

ದುಡ್ಡಿಗೆ ಬೇರೆ ಸ್ಕೀಮ್ ಕಾಯುತ್ತಾ ಕೂರಬೇಡಿ. ಈ ಕೆಲಸಗಳನ್ನು ಪಂಚಾಯಿತಿಯ ವಾರ್ಷಿಕ ಅಭಿವೃದ್ಧಿ ಯೋಜನೆಗೇ ಸೇರಿಸಿ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಸ್ಥಳೀಯ ಸಂಸ್ಥೆಗಳಿಗೂ ಜವಾಬ್ದಾರಿ ಕೊಟ್ಟಿದೆ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಡಿಸಿಯವರೇ ಅಧ್ಯಕ್ಷರು, ಅವರಿಗೂ ಒಂದು ಪ್ರತಿ ಕಳಿಸಿ. ಗ್ರಾಮಸಭೆಯಲ್ಲಿ ಬಾಯಿಮಾತಿನಲ್ಲಿ ಒಪ್ಪಿದರೆ ಸಾಲದು. ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿ, ಅವತ್ತೇ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.