ಹಿಪ್ನಾಸಿಸ್ ಮಾಡಿಸಿದರೆ "ನನ್ನ ಕೈಲಾಗಲ್ಲ" ಅನ್ನೋ ನಂಬಿಕೆ ಹೋಗುತ್ತಾ?

ಬೆಣ್ಣೆದೋಸೆ_ಹುಡುಗ:

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ನನ್ನದು. ಕೆಲಸ ಚೆನ್ನಾಗೇ ಬರುತ್ತದೆ. ಆದರೆ ಮೀಟಿಂಗ್‌ನಲ್ಲಿ ನನ್ನ ಸರದಿ ಬಂದರೆ ಗಂಟಲು ಕಟ್ಟುತ್ತದೆ. ಏಳನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಇಂಗ್ಲಿಷ್ ಮೀಡಿಯಂಗೆ ಹಾಕಿದರು. ಅಲ್ಲಿ ಮೇಷ್ಟ್ರು ಒಮ್ಮೆ ನನ್ನ ಇಂಗ್ಲಿಷನ್ನು ಎಲ್ಲರ ಮುಂದೆ ಅಣಕಿಸಿ ತೋರಿಸಿದರು, ಕ್ಲಾಸೆಲ್ಲ ನಕ್ಕಿತು, ಅಲ್ಲಿಂದ ಈ "ನನ್ನ ಕೈಲಾಗಲ್ಲ" ಅಂಟಿಕೊಂಡಿದೆ.

ಈಗ ಇನ್‌ಸ್ಟಾಗ್ರಾಮ್‌ನಲ್ಲಿ ಒಬ್ಬರು, ಎರಡು ದಿನದ ಶಿಬಿರದಲ್ಲಿ ಹಿಪ್ನಾಸಿಸ್ ಮಾಡಿ, ಸುಪ್ತ ಮನಸ್ಸಿಗೆ ಇಳಿದು, ಹಳೇ ನಂಬಿಕೆ ಅಳಿಸಿ ಹೊಸದು ಬರೆಯುತ್ತೇವೆ ಅಂತಿದ್ದಾರೆ. ಫೀಸು ನನ್ನ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ. ಮನಸ್ಸಿನ ಶೇ. 95 ಭಾಗ ಸುಪ್ತವೇ ಅಂತೆ. ಯಾರಾದರೂ ಮಾಡಿಸಿಕೊಂಡಿದ್ದೀರಾ? ಮತ್ತೆ, ಆ ನಿದ್ದೆಯಲ್ಲಿ ಹೇಳಬಾರದ್ದು ಏನಾದರೂ ಬಾಯಿಬಿಟ್ಟರೆ ಏನು ಕಥೆ?

ಕಾಫಿ_ಎರಡು_ಲೋಟ:

ನಾನು ಕ್ಲಿನಿಕಲ್ ಸೈಕಾಲಜಿಸ್ಟ್, ಹಿಪ್ನಾಸಿಸ್ ಕೂಡ ಬಳಸುತ್ತೇನೆ. ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಿ.

ಅದು ನಿದ್ದೆ ಅಲ್ಲ. ಫ್ಯಾನ್ ಸದ್ದು ಕೇಳುತ್ತಿರುತ್ತದೆ, ಬೀದಿಯಲ್ಲಿ ಸೊಪ್ಪಿನವಳು ಕೂಗುವುದೂ ಕೇಳುತ್ತದೆ, ಗಮನ ಮಾತ್ರ ಬೇರೆ ಕಡೆ ಇರುತ್ತದೆ. ಸಾಕು ಅನ್ನಿಸಿದರೆ ಕಣ್ಣು ಬಿಟ್ಟು ಎದ್ದು ಹೋಗಬಹುದು. ಬಾಯಿಬಿಡುವ ಚಿಂತೆಯೂ ಬೇಡ, ಹಿಪ್ನಾಸಿಸ್‌ನಲ್ಲಿ ಇದ್ದುಕೊಂಡೇ ಆರಾಮಾಗಿ ಸುಳ್ಳು ಹೇಳಬಹುದು!

ಎಲ್ಲರಿಗೂ ಒಂದೇ ಥರ ನಾಟುವುದೂ ಇಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯಲ್ಲಿ ವೈಟ್ಸನ್‌ಹಾಫರ್ ಮತ್ತು ಹಿಲ್ಗಾರ್ಡ್ ಅನ್ನೋ ಮನೋವಿಜ್ಞಾನಿಗಳು 1959ರಿಂದ ಇದಕ್ಕೇ ಅಂತ ಅಳತೆಗಳನ್ನು ಮಾಡಿದರು, ಒಂದೊಂದರಲ್ಲೂ 12 ಪರೀಕ್ಷೆ. ಚಾಚಿದ ಕೈ ಭಾರವಾಗುತ್ತಿದೆ ಅಂದರೆ ಹೆಚ್ಚಿನವರ ಕೈ ತಾನಾಗಿ ಇಳಿಯುತ್ತದೆ. ಸೊಳ್ಳೆ ಗುಂಯ್ ಅನ್ನುತ್ತಿದೆ ಅಂದರೆ ಕೆಲವರು ಇಲ್ಲದ ಸೊಳ್ಳೆಯನ್ನು ಓಡಿಸುತ್ತಾರೆ. ಮೂಗಿನ ಕೆಳಗೆ ಅಮೋನಿಯಾ ಹಿಡಿದು ವಾಸನೆಯೇ ಇಲ್ಲ ಅಂದಾಗ ನಿಜವಾಗಿ ವಾಸನೆ ಬಾರದವರು ಇನ್ನೂ ಕಡಿಮೆ. 25 ವರ್ಷ ಬಿಟ್ಟು ಅದೇ ಜನರನ್ನು ಮತ್ತೆ ಪರೀಕ್ಷಿಸಿದರೂ ಅಂಕ ಅಷ್ಟೇನೂ ಬದಲಾಗಿರಲಿಲ್ಲ. ಅಂದರೆ ಇದರಲ್ಲಿ ಗುರುಗಳ ಕಣ್ಣಿನ ಶಕ್ತಿಗಿಂತ ಕೂತವರ ಸ್ವಭಾವದ ಪಾಲೇ ಜಾಸ್ತಿ. 50 ಜನರನ್ನು ಒಂದು ಹಾಲ್‌ನಲ್ಲಿ ಕೂರಿಸಿ ಎಲ್ಲರಿಗೂ ಗ್ಯಾರಂಟಿ ಅನ್ನುವವರು ಇದನ್ನು ಹೇಳುವುದಿಲ್ಲ. ಆ ಶೇ. 95 ಕೂಡ ಯಾರೂ ಅಳೆದು ಹೇಳಿದ್ದಲ್ಲ.

ಇನ್ನು ನಂಬಿಕೆ. ಅದು ಒಳಗೆಲ್ಲೋ ಬರೆದಿಟ್ಟ ಸಾಲಲ್ಲ, ಅಳಿಸಿ ಬೇರೆ ಬರೆಯೋಕೆ. ನೀವು ಮೀಟಿಂಗ್‌ನಲ್ಲಿ ಸುಮ್ಮನಿದ್ದ ಪ್ರತಿ ಸಲವೂ ಅದಕ್ಕೆ ನೀರು ಬೀಳುತ್ತಿದೆ. ನಾನು ಮಾಡುವುದು ಇಷ್ಟು: ಕಣ್ಣು ಮುಚ್ಚಿಸಿ, ಉಸಿರು ನಿಧಾನ ಮಾಡಿಸಿ, ಅದೇ ಮೀಟಿಂಗನ್ನು ಮನಸ್ಸಿನಲ್ಲಿ ನಡೆಸುವುದು. ಮ್ಯಾನೇಜರ್ ನಿಮ್ಮ ಹೆಸರು ಕರೆಯುತ್ತಾರೆ, ಬೆರಳು ಅನ್‌ಮ್ಯೂಟ್ ಬಟನ್ ಮೇಲೆ ಹೋಗುತ್ತದೆ, ಗಂಟಲು ಬಿಗಿಯುತ್ತದೆ. ಬಿಗಿಯಲಿ, ಓಡಿಸಬೇಡಿ, ಅದರ ಜೊತೆಗೇ ಮೊದಲ ವಾಕ್ಯ ಹೇಳಿ. ಸರಿಯಾಗಿ ಮುಳುಗಿದವರಿಗೆ ಅಲ್ಲೇ ಬೆವರು ಬರುತ್ತದೆ. ಆಮೇಲೆ ಆ ವಾರದ ನಿಜವಾದ ಮೀಟಿಂಗ್‌ನಲ್ಲಿ ಅದೇ ಒಂದು ವಾಕ್ಯ ಹೇಳಿ ಬರಬೇಕು. ಹೇಳದಿದ್ದರೆ ನನ್ನ ಹಿಪ್ನಾಸಿಸ್ ಎಲ್ಲ ವೇಸ್ಟ್. 1995ರಲ್ಲಿ ಕರ್ಶ್ ಅನ್ನೋ ಸಂಶೋಧಕರು ಮತ್ತಿಬ್ಬರ ಜೊತೆ 18 ಅಧ್ಯಯನ ಸೇರಿಸಿ ನೋಡಿದಾಗ, ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ) ಜೊತೆ ಹಿಪ್ನಾಸಿಸ್ ಸೇರಿಸಿದವರಿಗೆ ಬರೀ ಸಿಬಿಟಿಗಿಂತ ಜಾಸ್ತಿ ಲಾಭ ಕಂಡಿತ್ತು. ಅದರಲ್ಲಿದ್ದ ತೂಕ ಇಳಿಸುವ ಅಧ್ಯಯನಗಳ ಲೆಕ್ಕದ ಬಗ್ಗೆ ಆಮೇಲೆ ತಕರಾರು ಬಂತು, ಅದು ಬೇರೆ ಮಾತು. "ಜೊತೆ" ಅನ್ನೋದನ್ನು ಮರೆಯಬೇಡಿ.

ಹೊಟ್ಟೆಪಾಡು:

ನಾನು ಮಾಡಿಸಿಕೊಂಡಿದ್ದೇನೆ, ಆದರೆ ನಂಬಿಕೆಗೆ ಅಲ್ಲ, ಹೊಟ್ಟೆಗೆ. ಐಬಿಎಸ್, ಅಂದರೆ ಪದೇ ಪದೇ ಹೊಟ್ಟೆನೋವು, ಭೇದಿ ಕಾಡುವ ಕರುಳಿನ ತೊಂದರೆ. ಬಸ್ ಹತ್ತುವ ಮೊದಲು ಟಾಯ್ಲೆಟ್ ಎಲ್ಲಿದೆ ಅಂತ ನೋಡುವ ಜೀವನ, ಗೊತ್ತಿದ್ದವರಿಗೆ ಗೊತ್ತು. ಮ್ಯಾಂಚೆಸ್ಟರ್‌ನ ಡಾಕ್ಟರ್ ವೋರ್ವೆಲ್ 1984ರಲ್ಲಿ 30 ರೋಗಿಗಳ ಮೇಲೆ ಮಾಡಿ ತೋರಿಸಿದ ವಿಧಾನ ಇದು. ಬ್ರಿಟನ್ನಿನಲ್ಲಿ ಚಿಕಿತ್ಸೆಗಳ ಬಗ್ಗೆ ಸಲಹೆ ಕೊಡುವ ಸಂಸ್ಥೆ ನೈಸ್‌ನ ಮಾರ್ಗಸೂಚಿಯಲ್ಲೂ, 12 ತಿಂಗಳು ಔಷಧಿಗೆ ಬಗ್ಗದಿದ್ದರೆ ಇದನ್ನು ನೋಡಬಹುದು ಅಂತ ಇದೆ. ಹೊಟ್ಟೆ ಮೇಲೆ ಕೈ ಇಟ್ಟು ಬಿಸಿ ಹರಡುತ್ತಿದೆ ಅಂತ, ಹೊಳೆ ನಿಧಾನವಾಗಿ ಹರಿಯುತ್ತಿದೆ ಅಂತ ಕಲ್ಪಿಸಿಕೊಳ್ಳುವುದು. ಮೊದಮೊದಲು ನಗು ಬರುತ್ತಿತ್ತು. ದಿನಾ ಮನೆಯಲ್ಲಿ ಆಡಿಯೋ ಹಾಕಿಕೊಂಡು ಮಾಡಿದ ಮೇಲೆ ನೋವು ನಿಜಕ್ಕೂ ಇಳಿಯಿತು. ಪೂರ್ತಿ ಹೋಗಿಲ್ಲ. ಬಿರಿಯಾನಿ ತಿಂದರೆ ಈಗಲೂ ಅನುಭವಿಸುತ್ತೇನೆ.

ಅನುಭವವೇ_ಗುರು:

ಮೇಲಿನವರು ಪುಸ್ತಕದ ಮಾತು ಹೇಳ್ತಿದ್ದಾರೆ. ಬೇರಿಗೆ ಹೋಗದೆ ಕೊಂಬೆ ಕತ್ತರಿಸಿದರೆ ಏನು ಬಂತು? ನನಗೆ ರಿಗ್ರೆಷನ್ (ಹಿಪ್ನಾಸಿಸ್‌ನಲ್ಲಿ ಹಳೇ ದಿನಗಳಿಗೆ ಕರೆದೊಯ್ಯುವುದು) ಮಾಡಿಸಿದಾಗ ಮೂರು ವರ್ಷದವನಿದ್ದಾಗ ಬಾವಿ ಕಟ್ಟೆ ಹತ್ತಿರ ಆದ ಘಟನೆ ಕಣ್ಣಿಗೆ ಕಟ್ಟಿದ ಹಾಗೆ ಬಂತು. ಅದರ ಹಿಂದಿನ ಜನ್ಮದ್ದೂ ಬಂತು. ಅವತ್ತಿನಿಂದ ನೀರಿನ ಭಯ ಇಲ್ಲ. ಇದಕ್ಕೆ ಏನಂತೀರಿ?

ಕಾಫಿ_ಎರಡು_ಲೋಟ:

@ಅನುಭವವೇ_ಗುರು, ಭಯ ಹೋಗಿದ್ದು ಖುಷಿ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಣ್ಣಿಗೆ ಕಟ್ಟಿದ ಹಾಗೆ ಬಂತು ಅಂದಮಾತ್ರಕ್ಕೆ ಅದು ನಡೆದಿತ್ತು ಅಂತ ಆಗುವುದಿಲ್ಲ. ಹಿಪ್ನಾಸಿಸ್‌ನಲ್ಲಿ ಕಲ್ಪನೆಗೂ ನೆನಪಿಗೂ ಇರುವ ಗೆರೆ ತೆಳುವಾಗುತ್ತದೆ, ಜೊತೆಗೆ "ಇದು ಖಂಡಿತ ನಡೆದಿದೆ" ಅನ್ನುವ ಧೈರ್ಯ ಹೆಚ್ಚುತ್ತದೆ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1985ರಲ್ಲೇ, ಹೀಗೆ ಬಂದ ನೆನಪು ಮಾಮೂಲಿ ನೆನಪಿಗಿಂತ ಹೆಚ್ಚು ನಂಬಿಕಸ್ಥ ಅಲ್ಲ ಅಂತ ಹೇಳಿದೆ. ಅಲ್ಲಿ ಇಂಥ "ನೆನಪು" ನಂಬಿ, ಚಿಕ್ಕಂದಿನಲ್ಲಿ ದೌರ್ಜನ್ಯ ಮಾಡಿದರು ಅಂತ ಹೆತ್ತವರ ಮೇಲೇ ಕೇಸು ಹಾಕಿದವರಿದ್ದಾರೆ. ಬಾವಿ ಕಟ್ಟೆ ಆದರೆ ಪರವಾಗಿಲ್ಲ, ಯಾವುದೋ ಚಿಕ್ಕಪ್ಪನ ಮುಖ ಬಂದರೆ? ಅಷ್ಟಕ್ಕೂ ನಮ್ಮ ಪ್ರಶ್ನೆ ಕೇಳಿದವರಿಗೆ ಬೇರು ಹುಡುಕುವ ಅಗತ್ಯವೇ ಇಲ್ಲ ಅಲ್ವಾ, ಮೇಷ್ಟ್ರು ಅಣಕಿಸಿದ್ದು ಅವರಿಗೆ ಚೆನ್ನಾಗಿ ನೆನಪಿದೆ.

ಬೆಣ್ಣೆದೋಸೆ_ಹುಡುಗ:

ಅದೇ, ನೆನಪು ಹೋದರೆ ಸಾಕಾಗಿದೆ 😄 ಶಿಬಿರದವರಿಗೆ ಫೋನ್ ಮಾಡಿದ್ದೆ. ನಿಮ್ಮ ಓದು ಏನು ಅಂತ ಕೇಳಿದರೆ "ಇಂಟರ್‌ನ್ಯಾಷನಲ್ ಸರ್ಟಿಫೈಡ್" ಅಂದರು, ಯಾರ ಸರ್ಟಿಫಿಕೇಟು ಅಂದರೆ ಇವತ್ತೇ ಕಟ್ಟಿದರೆ ಡಿಸ್ಕೌಂಟ್ ಅಂದರು. ಬಿಟ್ಟೆ. ಹಾಗಾದರೆ ಯಾರ ಹತ್ತಿರ ಹೋಗಲಿ?

ಹೊಟ್ಟೆಪಾಡು:

ಯಾರ ಹತ್ತಿರ ಹೋದರೂ ಅವರ ಆರ್‌ಸಿಐ (ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ) ನೋಂದಣಿ ನಂಬರ್ ಕೇಳಿ. ಸರಿಯಾದ ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ತಡವರಿಸದೆ ಕೊಡುತ್ತಾರೆ. ಹಿಪ್ನಾಸಿಸ್ ಬರುತ್ತದಾ ಅನ್ನೋದು ಎರಡನೇ ಪ್ರಶ್ನೆ, ಅದಿಲ್ಲದೆಯೂ ಈ ಭಯಕ್ಕೆ ಚಿಕಿತ್ಸೆ ಇದೆ. ಖರ್ಚಿನ ಯೋಚನೆ ಇದ್ದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಫ್ರೀ, ಕನ್ನಡದಲ್ಲೇ ಮಾತಾಡಬಹುದು.