ಪಿಎಸ್‌ಐ ಪರೀಕ್ಷೆಯ ತಯಾರಿ: ನಿವೃತ್ತ ಇನ್‌ಸ್ಪೆಕ್ಟರ್ ಜೊತೆ ಆನ್‌ಲೈನ್ ಗುಂಪಿನ ಸದಸ್ಯರ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ಬಿ.ಕಾಂ. ಮುಗಿಸಿ ಖಾಸಗಿ ಕಂಪನಿಯಲ್ಲಿದ್ದೇನೆ, ಸಿವಿಲ್ ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಹುದ್ದೆಗೆ ಓದುತ್ತಿದ್ದೇನೆ. ಓದಲು ಸಿಗುವ ಸಮಯವೆಲ್ಲ ಸಾಮಾನ್ಯ ಅಧ್ಯಯನಕ್ಕೇ ಹೋಗುತ್ತಿದೆ. ಪ್ರಬಂಧದ ಪತ್ರಿಕೆಯನ್ನು ಕೊನೆಯ ತಿಂಗಳು ನೋಡಿಕೊಂಡರೆ ಸಾಕು ಎನ್ನುತ್ತಾರೆ ಗೆಳೆಯರು. ಸರಿಯೇ?

ಉತ್ತರ: ಆ ಗೆಳೆಯರಲ್ಲಿ ಯಾರಾದರೂ ಆಯ್ಕೆಯಾಗಿದ್ದಾರೆಯೇ ಎಂದು ಮೊದಲು ವಿಚಾರಿಸಿ. ಲಿಖಿತ ಪರೀಕ್ಷೆ ಒಟ್ಟು 200 ಅಂಕಗಳದ್ದು. ಅದರಲ್ಲಿ ಬಹು ಆಯ್ಕೆಯ ಎರಡನೇ ಪತ್ರಿಕೆಗೆ 150, ಬರೆಯುವ ಮೊದಲ ಪತ್ರಿಕೆಗೆ 50. ಐವತ್ತು ಎಂದರೆ ಸಣ್ಣದು ಎನಿಸುತ್ತದೆ. ಆದರೆ ಎರಡನೇ ಪತ್ರಿಕೆಯಲ್ಲಿ ಗಂಭೀರವಾಗಿ ಓದಿದವರೆಲ್ಲ ಹತ್ತಿರ ಹತ್ತಿರದಲ್ಲೇ ನಿಲ್ಲುತ್ತಾರೆ. ಅಲ್ಲಿ ಆರು ಅಂಕ ಹೆಚ್ಚಿಸಿಕೊಳ್ಳಬೇಕಾದರೆ ಇನ್ನೂ ನಾಲ್ಕು ಪ್ರಶ್ನೆ ಸರಿ ಮಾಡಬೇಕು, ಅದಕ್ಕೆ ಎಷ್ಟು ಪುಟ ಓದಬೇಕೋ ಲೆಕ್ಕವಿಲ್ಲ. ಅದೇ ಆರು ಅಂಕವನ್ನು ಮೊದಲ ಪತ್ರಿಕೆಯಲ್ಲಿ ದಿನಕ್ಕೆ ಅರ್ಧ ಗಂಟೆ ಬರೆದು ಗಳಿಸಬಹುದು.

ಪ್ರಬಂಧಕ್ಕೆ 20, ಸಂಕ್ಷಿಪ್ತ ಲೇಖನಕ್ಕೆ 10, ಭಾಷಾಂತರಕ್ಕೆ 20, ಎಲ್ಲಕ್ಕೂ ಸೇರಿ ಒಂದೂವರೆ ಗಂಟೆ. ಮೊಬೈಲ್ ಮೇಲೆ ಹೆಬ್ಬೆರಳಾಡಿಸಿ ಅಭ್ಯಾಸವಾದವರಿಗೆ ಸುಮಾರು 600 ಪದಗಳ ಪ್ರಬಂಧ ಬರೆಯುವಷ್ಟರಲ್ಲಿ ಕೈ ಸೋತು ಅಕ್ಷರ ಹರಿದಾಡುತ್ತದೆ. ಹಾಗಾಗಿ ಕೊನೆಯ ತಿಂಗಳಲ್ಲ, ಇವತ್ತೇ ಪೆನ್ನು ಹಿಡಿಯಿರಿ.

ಪ್ರಶ್ನೆ: (ಅದೇ ಸದಸ್ಯರು) ಪ್ರಬಂಧ ಹೇಗೋ ಬರೆಯುತ್ತೇನೆ ಸರ್. ಸಂಕ್ಷಿಪ್ತ ಲೇಖನ ಮಾತ್ರ ಕೈಗೆ ಹತ್ತುತ್ತಿಲ್ಲ. ಮೂರನೇ ಒಂದು ಭಾಗಕ್ಕೆ ಇಳಿಸಲು ಹೋದರೆ ಅರ್ಥವೇ ಬಿಟ್ಟುಹೋಗುತ್ತದೆ.

ಉತ್ತರ: ಪದ ಕತ್ತರಿಸುತ್ತಾ ಹೋದರೆ ಹಾಗೇ ಆಗುವುದು. ಕತ್ತರಿಸಬೇಡಿ, ಓದಿ ಮುಚ್ಚಿಟ್ಟು ಹೊಸದಾಗಿ ಹೇಳಿ. ಒಂದು ವಾಕ್ಯ ಕೊಡುತ್ತೇನೆ, ನೋಡಿ:

‘ನಮ್ಮ ನಗರಗಳಲ್ಲಿ ದಿನೇ ದಿನೇ ವಾಹನಗಳ ಸಂಖ್ಯೆ ಹೆಚ್ಚುತ್ತಲೇ ಇರುವುದರಿಂದಲೂ ರಸ್ತೆಗಳು ಮಾತ್ರ ಅಗಲವಾಗದೆ ಮೊದಲಿನಂತೆಯೇ ಉಳಿದಿರುವುದರಿಂದಲೂ ಬೆಳಿಗ್ಗೆ ಮತ್ತು ಸಂಜೆ ಕೆಲಸಕ್ಕೆ ಹೋಗಿ ಬರುವ ಜನರು ಪ್ರತಿನಿತ್ಯ ಗಂಟೆಗಟ್ಟಲೆ ರಸ್ತೆಯಲ್ಲೇ ಕಾಲ ಕಳೆಯಬೇಕಾದ ಪರಿಸ್ಥಿತಿ ನಿರ್ಮಾಣವಾಗಿದೆ.’

ಇದು 27 ಪದ. ಈಗ: ‘ನಗರಗಳಲ್ಲಿ ವಾಹನ ಹೆಚ್ಚಿ, ರಸ್ತೆ ಸಾಲದೆ, ಉದ್ಯೋಗಿಗಳ ಸಮಯ ದಾರಿಯಲ್ಲೇ ಕಳೆಯುತ್ತಿದೆ.’ ಒಂಬತ್ತು ಪದ. ಎರಡು ಕಾರಣ, ಒಂದು ಪರಿಣಾಮ, ಮೂರೂ ಉಳಿದವು. ಹೋದದ್ದು ‘ದಿನೇ ದಿನೇ’, ‘ಪ್ರತಿನಿತ್ಯ’, ‘ಪರಿಸ್ಥಿತಿ ನಿರ್ಮಾಣವಾಗಿದೆ’ ಎಂಬ ತುಂಬುಮಾತು. ನಿಮ್ಮ ಅಭಿಪ್ರಾಯ ಸೇರಿಸಬೇಡಿ, ಮೂಲದ ವಾಕ್ಯವನ್ನು ಎತ್ತಿ ಇಡಬೇಡಿ, ಶೀರ್ಷಿಕೆ ಕೇಳಿದ್ದರೆ ಮರೆಯಬೇಡಿ.

ಇದನ್ನು ಒತ್ತಿ ಹೇಳಲು ಇನ್ನೊಂದು ಕಾರಣವಿದೆ. ಠಾಣೆಗೆ ಬಂದವರು ಮುಕ್ಕಾಲು ಗಂಟೆ ಕಣ್ಣೀರಿಟ್ಟು ಹೇಳುತ್ತಾರೆ: ಅಳಿಯನ ಕಥೆ, ಹಳೆಯ ಸಾಲ, ಹೋದ ವರ್ಷದ ಜಗಳ. ಅದರ ನಡುವೆ ಎಲ್ಲಿ, ಯಾವಾಗ, ಯಾರು, ಏನು ಮಾಡಿದರು ಎಂಬುದು ಹುದುಗಿರುತ್ತದೆ. ಅದನ್ನು ಹೆಕ್ಕಿ, ಅವರ ಮಾತಿನ ಅರ್ಥ ಕೆಡದಂತೆ ಒಂದು ಪುಟದಲ್ಲಿ ದೂರು ಬರೆದುಕೊಳ್ಳಬೇಕು. ಅಲ್ಲಿ ಸಮಯ ಬರೆಯದೆ ಬಿಟ್ಟರೆ ನ್ಯಾಯಾಲಯದಲ್ಲಿ ಆರೋಪಿಯ ವಕೀಲರು ಮೊದಲು ಬೆರಳಿಡುವುದು ಅಲ್ಲಿಗೇ. ಓಡುವುದಕ್ಕಿಂತ, ಹಿಡಿಯುವುದಕ್ಕಿಂತ ಪಿಎಸ್‌ಐ ಹೆಚ್ಚು ಹೊತ್ತು ಮಾಡುವ ಕೆಲಸ ಬರೆಯುವುದು. ಮೊದಲ ಪತ್ರಿಕೆಯನ್ನು ಯಾರೋ ತೊಂದರೆ ಕೊಡಲು ಇಟ್ಟದ್ದಲ್ಲ.

ಪ್ರಶ್ನೆ: ಸರ್, ಪ್ರಬಂಧದ ಬಗ್ಗೆಯೂ ಒಂದು ಮಾತು ಹೇಳಿ. ‘ಸೈಬರ್ ಅಪರಾಧ’ ಎಂಬ ವಿಷಯ ಬಂದರೆ ಹೇಗೆ ಶುರು ಮಾಡಬೇಕು?

ಉತ್ತರ: ‘ಇಂದಿನ ಆಧುನಿಕ ಯುಗದಲ್ಲಿ’ ಎಂದು ಮಾತ್ರ ಶುರು ಮಾಡಬೇಡಿ, ಮೌಲ್ಯಮಾಪಕರಿಗೆ ಅದು ಬಾಯಿಪಾಠವಾಗಿರುತ್ತದೆ. ಕೆಲಸದ ಸಂಗತಿಯಿಂದ ಶುರು ಮಾಡಿ: ಹಣ ಹೋದ ಕೂಡಲೇ 1930 ಸಹಾಯವಾಣಿಗೆ ಕರೆ ಮಾಡಿದರೆ ಅದು ಖಾತೆಯಿಂದ ಖಾತೆಗೆ ಜಿಗಿಯುವ ಮುನ್ನ ತಡೆಹಿಡಿಯುವ ಅವಕಾಶವಿರುತ್ತದೆ. ಮರುದಿನ ಕರೆ ಮಾಡಿದರೆ ಬಹುಪಾಲು ಕಷ್ಟ. ಅಲ್ಲಿಂದ ‘ಡಿಜಿಟಲ್ ಅರೆಸ್ಟ್’ ವಂಚನೆಗೆ ಬನ್ನಿ. ವಿಡಿಯೊ ಕರೆಯಲ್ಲಿ ಕೂರಿಸಿ ಬಂಧಿಸುವ ವ್ಯವಸ್ಥೆ ನಮ್ಮ ಕಾನೂನಿನಲ್ಲಿಯೇ ಇಲ್ಲ ಎಂಬ ಒಂದು ವಾಕ್ಯ, ಐಟಿ ಕಾಯ್ದೆ 2000ರ ಹತ್ತು ಸೆಕ್ಷನ್ ಪಟ್ಟಿಗಿಂತ ತೂಕದ್ದು.

ಪ್ರಶ್ನೆ: ಸರ್, ನಾನು ಈಗ ಕಾನ್‌ಸ್ಟೆಬಲ್. ಸೇವೆಯಲ್ಲಿರುವುದರಿಂದ ಕಾನೂನು ವಿಷಯ ನನಗೆ ಸುಲಭ ಎಂದುಕೊಂಡಿದ್ದೆ. ಅಣಕು ಪರೀಕ್ಷೆಯಲ್ಲಿ ಅಲ್ಲೇ ಅಂಕ ಹೋಗುತ್ತಿದೆ. ಯಾಕೆ?

ಉತ್ತರ: ತಮ್ಮಾ, ನಿಮಗೆ ಠಾಣೆಯೇ ಅಡ್ಡ ಬರುತ್ತಿದೆ. ‘ನಮ್ಮಲ್ಲಿ ಹೀಗೆ ಮಾಡುತ್ತೇವೆ’ ಎಂಬುದು ಉತ್ತರವಲ್ಲ, ಕಾನೂನು ಏನು ಹೇಳುತ್ತದೆ ಎಂಬುದು ಉತ್ತರ. ಒಂದು ಉದಾಹರಣೆ: ಬಂಧಿತನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಆ 24 ಗಂಟೆಯಲ್ಲಿ ಪ್ರಯಾಣದ ಸಮಯ ಸೇರುತ್ತದೆಯೇ? ಸೇರುವುದಿಲ್ಲ, ಸಂವಿಧಾನದ 22(2)ನೇ ವಿಧಿಯಲ್ಲೇ ಇದೆ. ಪ್ರಶ್ನೆ ತೆಗೆಯುವವರಿಗೆ ಬೇಕಾದದ್ದು ಇಂಥ ಮೂಲೆ.

ಇನ್ನೊಂದು, ನಾಲಿಗೆಯ ತುದಿಯಲ್ಲಿರುವ ಹಳೆಯ ಸಂಖ್ಯೆಗಳು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿವೆ. ಹಳೆಯ ಭಾರತೀಯ ದಂಡ ಸಂಹಿತೆಯಲ್ಲಿದ್ದ (ಐಪಿಸಿ) 511 ಸೆಕ್ಷನ್‌ಗಳ ಜಾಗದಲ್ಲಿ ಈಗ ನ್ಯಾಯ ಸಂಹಿತೆಯ 358. ಕೊಲೆಗೆ 302 ಹೋಗಿ 103 ಬಂತು, ವಂಚನೆಯ 420 ಹೋಗಿ 318(4). ಎಫ್‌ಐಆರ್ ದಾಖಲಿಸುವ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 154ರ ಜಾಗದಲ್ಲಿ ಸುರಕ್ಷಾ ಸಂಹಿತೆಯ 173. ಇಲ್ಲೊಂದು ಗುಂಡಿ ಇದೆ: ಹಳೆಯ ಸಂಹಿತೆಯಲ್ಲಿ 173 ಎಂದರೆ ಆರೋಪಪಟ್ಟಿ! ಈಗ ಅದು 193. ಹಳಬರು ಎಡವುವುದು ಇಲ್ಲಿಯೇ, ಹೊಸಬರು ಎಡವುವುದಿಲ್ಲ.

ಬರೀ ಸಂಖ್ಯೆ ಉರು ಹೊಡೆಯದೆ ಹೊಸದಾಗಿ ಸೇರಿದ್ದನ್ನು ಓದಿ. ಘಟನೆ ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಮಾಹಿತಿ ದಾಖಲಿಸಿಕೊಳ್ಳಬೇಕು. ಎಲೆಕ್ಟ್ರಾನಿಕ್ ರೂಪದಲ್ಲಿ ಬಂದ ದೂರಿಗೆ ದೂರುದಾರರು ಮೂರು ದಿನದೊಳಗೆ ಸಹಿ ಹಾಕಬೇಕು. ಶೋಧ ಮತ್ತು ಜಪ್ತಿಯನ್ನು ಧ್ವನಿ-ದೃಶ್ಯ ಮಾಧ್ಯಮದಲ್ಲಿ ದಾಖಲಿಸಬೇಕು. ನೀವು ದಿನವೂ ಮಾಡುತ್ತಿರುವ ಕೆಲಸವೇ, ಅದರ ಹಿಂದಿರುವ ಸೆಕ್ಷನ್ ತೆರೆದು ಓದಿದರೆ ಮರೆಯುವುದಿಲ್ಲ.

ಪ್ರಶ್ನೆ: ನಮಸ್ತೆ ಸರ್. ನನಗೆ ಓಟದ ಚಿಂತೆಯಿಲ್ಲ, ಗುಂಡು ಎಸೆತದ ಚಿಂತೆ. ಮೂರು ಮೀಟರ್ ದಾಟುವುದೇ ಇಲ್ಲ.

ಉತ್ತರ: ಅಮ್ಮಾ, ಮಹಿಳೆಯರಿಗೆ 4 ಕೆ.ಜಿ. ಗುಂಡು, 3.75 ಮೀಟರ್. ನೀವು ಬಹುಶಃ ಚೆಂಡಿನ ಹಾಗೆ ಬೀಸುತ್ತಿದ್ದೀರಿ. ಗುಂಡು ಬೆರಳುಗಳ ಬುಡದಲ್ಲಿರಲಿ, ಕುತ್ತಿಗೆಗೆ ತಾಗಿರಲಿ, ಮೊಣಕೈ ಎತ್ತಿರಲಿ. ಮಂಡಿ ಬಗ್ಗಿಸಿ, ಕಾಲಿನಿಂದ ಎದ್ದು ಸೊಂಟ ತಿರುಗಿಸಿ, ಕೊನೆಗೆ ಕೈಯಿಂದ ಮೇಲಕ್ಕೂ ಮುಂದಕ್ಕೂ ತಳ್ಳಿ. ಬಲ ಬರುವುದು ತೋಳಿನಿಂದಲ್ಲ, ಕಾಲಿನಿಂದ. ದೈಹಿಕ ಪರೀಕ್ಷೆಗೆ ಅಂಕವಿಲ್ಲ, ಪಾಸಾದರೆ ಸಾಕು. ಆದರೆ ಪಾಸಾಗದಿದ್ದರೆ ಲಿಖಿತ ಪರೀಕ್ಷೆಯ ಕೋಣೆಗೆ ಪ್ರವೇಶವಿಲ್ಲ.

ಪುರುಷರಿಗೂ ಒಂದು ಮಾತು: 1600 ಮೀಟರ್‌ಗೆ 7 ನಿಮಿಷ. ನಾನೂರು ಮೀಟರ್ ಟ್ರ್ಯಾಕ್‌ನಲ್ಲಿ ಸುತ್ತಿಗೆ 1 ನಿಮಿಷ 45 ಸೆಕೆಂಡ್. ಪಕ್ಕದವರನ್ನು ನೋಡಿ ಮೊದಲ ಸುತ್ತನ್ನೇ ಕುದುರೆಯಂತೆ ಓಡಿದವರು ಮೂರನೇ ಸುತ್ತಿನಲ್ಲಿ ಸೊಂಟ ಹಿಡಿದು ನಡೆಯುತ್ತಿರುತ್ತಾರೆ. ವಾಚು ನೋಡಿ ಓಡಿ, ಜನರನ್ನಲ್ಲ.

ಪ್ರಶ್ನೆ: ತಪ್ಪು ಉತ್ತರಕ್ಕೆ 0.375 ಅಂಕ ಕಳೆಯುತ್ತಾರೆ. ಗೊತ್ತಿಲ್ಲದ್ದನ್ನು ಬಿಡಬೇಕೋ, ಗುರುತು ಹಾಕಬೇಕೋ?

ಉತ್ತರ: ಒಂದು ಪ್ರಶ್ನೆಗೆ 1.5 ಅಂಕ, ತಪ್ಪಿದರೆ ಅದರ ಕಾಲುಭಾಗ ಹೋಗುತ್ತದೆ. ನಾಲ್ಕು ಆಯ್ಕೆಗಳಲ್ಲಿ ಎರಡನ್ನು ಖಚಿತವಾಗಿ ತಳ್ಳಿಹಾಕಲು ಸಾಧ್ಯವಾದರೆ ಧೈರ್ಯವಾಗಿ ಗುರುತು ಹಾಕಿ. ಸರಾಸರಿ ಲೆಕ್ಕದಲ್ಲಿ ಅರ್ಧ ಅಂಕಕ್ಕಿಂತ ಹೆಚ್ಚು ಲಾಭ ನಿಮ್ಮದೇ. ಒಂದನ್ನೂ ತಳ್ಳಲಾಗದಿದ್ದರೆ ಸಿಗುವ ಲಾಭ ಲೆಕ್ಕಕ್ಕಿಲ್ಲದಷ್ಟು ಕಡಿಮೆ, ಆ ಸಮಯವನ್ನು ಮಾನಸಿಕ ಸಾಮರ್ಥ್ಯದ ಪ್ರಶ್ನೆಗೆ ಕೊಡಿ.

ಪ್ರಶ್ನೆ: ಸರ್, ಕೇಳಲು ಮುಜುಗರ. ‘ಹಣ ಕೊಟ್ಟರೆ ಸೀಟು ಖಚಿತ, ಒಎಂಆರ್ (ಉತ್ತರ ಗುರುತು ಹಾಕುವ) ಹಾಳೆ ಖಾಲಿ ಬಿಟ್ಟು ಬಾ’ ಎಂದು ಒಬ್ಬರು ಅಪ್ಪನ ಹತ್ತಿರ ಮಾತಾಡಿದ್ದಾರೆ. ಅಪ್ಪ ಹೊಲ ಅಡವಿಡಲು ಹೊರಟಿದ್ದಾರೆ.

ಉತ್ತರ: ಅಪ್ಪನಿಗೆ ಈ ಇತಿಹಾಸ ಓದಿ ಹೇಳಿ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. ಒಎಂಆರ್ ಅಕ್ರಮ ಬಯಲಾಗಿ ಸಿಐಡಿ ತನಿಖೆ ನಡೆದು, 2022ರ ಏಪ್ರಿಲ್‌ನಲ್ಲಿ ಸರ್ಕಾರ ಪರೀಕ್ಷೆಯನ್ನೇ ರದ್ದು ಮಾಡಿತು. ಮರುಪರೀಕ್ಷೆಯನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸಿದ್ದು 2024ರ ಜನವರಿ 23ರಂದು. ಅಕ್ರಮ ಎಸಗಿದವರಲ್ಲಿ ಹಲವರು ಸಮವಸ್ತ್ರದ ಬದಲು ಜೈಲು ನೋಡಿದರು. ಪ್ರಾಮಾಣಿಕವಾಗಿ ಬರೆದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಕಾದರು. ಆ ವ್ಯಕ್ತಿಯ ಕರೆ, ಸಂದೇಶ ಯಾವುದನ್ನೂ ಅಳಿಸಬೇಡಿ, ಹತ್ತಿರದ ಠಾಣೆಯಲ್ಲಿ ದೂರು ಕೊಡಿ. ಹೊಲದ ಪತ್ರ ಪೆಟ್ಟಿಗೆಯಲ್ಲೇ ಇರಲಿ.

ಪ್ರಶ್ನೆ: (ಮೊದಲ ಸದಸ್ಯರು) ಸರ್, ಇವತ್ತಿನ ಪತ್ರಿಕೆಯ ಸಂಪಾದಕೀಯವನ್ನು ಸಂಕ್ಷೇಪಿಸಿದೆ. 300 ಪದ ಇದ್ದದ್ದು 140 ಆಯಿತು. ಹಾಕಲೇ?

ಉತ್ತರ: ನೂರಕ್ಕೆ ಇಳಿಸಿ ಹಾಕಿ. ಟೈಪ್ ಮಾಡಬೇಡಿ, ಕೈಯಲ್ಲಿ ಬರೆದದ್ದರ ಫೋಟೊ ಕಳಿಸಿ, ಅಕ್ಷರವನ್ನೂ ನೋಡುತ್ತೇನೆ.