ಹಡಗಿನ ಕಸ ಬಂದರಿಗೆ ಬಂದ ಮೇಲೆ ಏನಾಗುತ್ತದೆ?

ಪ್ರಶ್ನೆ (ಕಾಫಿ ಬೆಳೆಗಾರ, ವಿರಾಜಪೇಟೆ): ನಮಸ್ಕಾರ ಸರ್. ನನ್ನ ಮಗ ಸರಕು ಹಡಗೊಂದರಲ್ಲಿ ಡೆಕ್ ಕೆಡೆಟ್ (ತರಬೇತಿಯಲ್ಲಿರುವ ಅಧಿಕಾರಿ) ಆಗಿದ್ದಾನೆ. ಹಡಗಿನಲ್ಲಿ ಬಣ್ಣಬಣ್ಣದ ಡಬ್ಬಿಗಳಲ್ಲಿ ಬೇರ್ಪಡಿಸಿದ ಕಸವನ್ನೆಲ್ಲ ಬಂದರಿನಲ್ಲಿ ಒಂದೇ ಲಾರಿಗೆ ಏರಿಸಿದರಂತೆ. ಹಾಗಾದರೆ ಬೇರ್ಪಡಿಸಿ ಪ್ರಯೋಜನವೇನು? ಅಡುಗೆಮನೆಯ ಹಸಿ ಕಸವನ್ನಾದರೂ ಸಮುದ್ರಕ್ಕೆ ಹಾಕಬಹುದಲ್ಲವೇ?

ಉತ್ತರ (ನಿವೃತ್ತ ಮರೈನ್ ಎಂಜಿನಿಯರ್, ಸೋಮವಾರಪೇಟೆ): ನಮಸ್ಕಾರ. ಲಾರಿ ಒಂದೇ ಆದರೂ ಚೀಲಗಳು ಬೇರೆಬೇರೆಯಾಗಿ ಕಟ್ಟಿದ್ದರೆ ತೊಂದರೆಯಿಲ್ಲ. ಚೀಲ ಬಿಚ್ಚಿ ಒಟ್ಟಿಗೆ ಸುರಿದಿದ್ದರೆ ಮಾತ್ರ ಅದು ತಪ್ಪು. ಹಡಗುಗಳಿಂದಾಗುವ ಮಾಲಿನ್ಯ ತಡೆಯುವ ಅಂತರರಾಷ್ಟ್ರೀಯ ಮಾರ್ಪೋಲ್ ಒಪ್ಪಂದದಲ್ಲಿ ಕಸಕ್ಕೆ ಸಂಬಂಧಿಸಿದ ಐದನೆಯ ಅನುಬಂಧದ ಪ್ರಕಾರ, ಬೇರೆಬೇರೆ ನಿಯಮಗಳಿಗೆ ಒಳಪಟ್ಟ ಕಸಗಳು ಒಂದರೊಡನೊಂದು ಬೆರೆತರೆ ಅವುಗಳಲ್ಲಿ ಅತ್ಯಂತ ಕಠಿಣವಾದ ನಿಯಮವೇ ಇಡೀ ರಾಶಿಗೆ ಅನ್ವಯಿಸುತ್ತದೆ. ಪಾರ್ಚ್‌ಮೆಂಟ್ (ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಫಿ) ಚೀಲಕ್ಕೆ ಚೆರಿ (ಹಣ್ಣನ್ನು ಹಾಗೆಯೇ ಒಣಗಿಸಿದ ಕಾಫಿ) ಬೆರೆತರೆ ವ್ಯಾಪಾರಿ ಇಡೀ ಚೀಲಕ್ಕೆ ಕಡಿಮೆ ದರವನ್ನೇ ಕಟ್ಟುವುದಿಲ್ಲವೇ, ಹಾಗೆಯೇ ಇದು. ಹಸಿ ಕಸದ ಡಬ್ಬಿಗೆ ಹಾಲಿನ ಪ್ಯಾಕೆಟ್ ಒಂದು ಬಿದ್ದರೂ ಇಡೀ ಡಬ್ಬಿಯನ್ನು ಪ್ಲಾಸ್ಟಿಕ್ ಎಂದೇ ಲೆಕ್ಕ ಹಿಡಿಯಬೇಕು, ಮತ್ತು ಪ್ಲಾಸ್ಟಿಕ್ ಅನ್ನು ಯಾವ ಸಮುದ್ರಕ್ಕೂ ಎಸೆಯುವಂತಿಲ್ಲ.

ಹಸಿ ಕಸಕ್ಕೆ ವಿನಾಯಿತಿ ಇದೆ, ಆದರೆ ಬಂದರಿನೊಳಗೆ ಅಲ್ಲ. ಹಡಗು ಸಾಗುತ್ತಿರುವಾಗ, ಹತ್ತಿರದ ದಡದಿಂದ ಕನಿಷ್ಠ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ದೂರದಲ್ಲಿ ಹಾಕಬಹುದು. 25 ಮಿಲಿಮೀಟರ್ ಕಿಂಡಿಯ ಜರಡಿಯಲ್ಲಿ ಇಳಿಯುವಷ್ಟು ಸಣ್ಣಗೆ ಅರೆದಿದ್ದರೆ 3 ನಾಟಿಕಲ್ ಮೈಲಿ ಸಾಕು. ವಿಶೇಷ ಪ್ರದೇಶವೆಂದು ಗುರುತಿಸಿದ ಸಮುದ್ರಗಳಲ್ಲಿ ಅರೆದ ಕಸಕ್ಕೂ 12 ಮೈಲಿಯೇ.

ಪಣಂಬೂರಿನಂತಹ ಬಂದರಿನಲ್ಲಿ ಕಸ ಇಳಿಸಿದಾಗ ಯಾವ ಬಗೆಯದು ಎಷ್ಟು ಘನ ಮೀಟರ್ ಎಂಬುದನ್ನು ಕಸದ ದಾಖಲೆ ಪುಸ್ತಕದಲ್ಲಿ ಬರೆದು, ಪಡೆದವರಿಂದ ರಸೀದಿ ತೆಗೆದುಕೊಳ್ಳಬೇಕು. ಪುಸ್ತಕವನ್ನು ಕೊನೆಯ ನಮೂದಿನಿಂದ ಎರಡು ವರ್ಷ ಕಾಪಾಡಬೇಕು. ಲಾರಿಯ ಸಂಗತಿಯನ್ನು ನಿಮ್ಮ ಮಗ ಚೀಫ್ ಆಫೀಸರ್ ಅವರಿಗೆ ತಿಳಿಸಲಿ. ಬಂದರಿನ ಸೌಲಭ್ಯ ಸಾಲದಿದ್ದರೆ ಕ್ಯಾಪ್ಟನ್ ವರದಿ ಸಲ್ಲಿಸಲು ನಿಗದಿತ ನಮೂನೆಯೇ ಇದೆ.

ಪ್ರಶ್ನೆ (ಮಡಿಕೇರಿಯ ಸದಸ್ಯೆ): ಎಂಜಿನ್ ರೂಮಿನ ಎಣ್ಣೆ ಬಟ್ಟೆ, ಸ್ಲಡ್ಜ್ ಇವೂ ಅದೇ ಲಾರಿಗೆ ಹೋಗುತ್ತವೆಯೇ?

ಉತ್ತರ: ಇಲ್ಲ ಮೇಡಂ. ಎಣ್ಣೆ ಹೀರಿದ ಬಟ್ಟೆಯನ್ನು ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿಡಬೇಕು, ಏಕೆಂದರೆ ರಾಶಿ ಬಿದ್ದಲ್ಲಿ ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುವ ಅಪಾಯವಿದೆ. ಇಂಧನವನ್ನು ಶುದ್ಧಗೊಳಿಸುವಾಗ ಉಳಿಯುವ ಸ್ಲಡ್ಜ್ (ಎಣ್ಣೆಯ ಕೆಸರು) ಅದೇ ಒಪ್ಪಂದದಲ್ಲಿ ಎಣ್ಣೆಗೆ ಸಂಬಂಧಿಸಿದ ಮೊದಲನೆಯ ಅನುಬಂಧಕ್ಕೆ ಸೇರಿದ್ದು. ಅದಕ್ಕೆ ಪ್ರತ್ಯೇಕ ಟ್ಯಾಂಕ್, ಪ್ರತ್ಯೇಕ ದಾಖಲೆ ಪುಸ್ತಕ. ಅದನ್ನು ಪಂಪ್ ಮಾಡುವ ಕೊಳವೆಯ ಫ್ಲೇಂಜ್ (ತುದಿಯ ಜೋಡಣೆಯ ಬಿಲ್ಲೆ) ಜಗತ್ತಿನೆಲ್ಲೆಡೆ 215 ಮಿಲಿಮೀಟರ್ ವ್ಯಾಸದ್ದು, ಆರು ಬೋಲ್ಟ್‌ಗಳದ್ದು. ಆದ್ದರಿಂದ ಯಾವ ದೇಶದ ಹಡಗಾದರೂ ನಮ್ಮ ಬಂದರಿನ ಟ್ಯಾಂಕರಿಗೆ ಜೋಡಣೆಯಾಗುತ್ತದೆ. ಆ ಟ್ಯಾಂಕರ್ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಘಟಕಕ್ಕೇ ಹೋಗಬೇಕು.